ಜಾವಾಸಿ ಕಮಾಂಡ್: ದಾವಣಗೆರೆ–ಚಿತ್ರದುರ್ಗದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಜಾವಾಸಿ ಅಂದರೆ ಜಾವಾ ಪ್ರೋಗ್ರಾಮನ್ನು ಕಂಪೈಲ್ ಮಾಡುವ ಕಮಾಂಡ್; ಜಾವಾ ಅಂದರೆ ಅದನ್ನು ಓಡಿಸುವ ಕಮಾಂಡ್. ಜಾವಾ ಲ್ಯಾಬ್ ಶುರುವಾದ ವಾರದಿಂದಲೇ ಈ ಪ್ರಶ್ನೆಗಳು ಬರತೊಡಗುತ್ತವೆ. ಕೇಳುವವರು ದಾವಣಗೆರೆಯ ಬಿಸಿಎ, ಡಿಪ್ಲೊಮಾ, ಬಿಇ ಮಕ್ಕಳು. ಹರಿಹರ, ಜಗಳೂರಿನಿಂದ ದಿನಾ ಬಸ್ಸಿಗೆ ಓಡಾಡುವವರು. ಚಿತ್ರದುರ್ಗ, ಚಳ್ಳಕೆರೆಯಿಂದ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸುವವರು. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ (ಕಮಾಂಡ್ ಹೊಡೆಯುವ ಕಪ್ಪು ಕಿಟಕಿ) ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ; ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ. ಮತ್ತೊಂದು ಮಾತು: ಯಾವ ಎರರ್ ಬಂದರೂ ಮೊದಲು ನೋಡಬೇಕಾದದ್ದು, ಬೈಯುತ್ತಿರುವುದು ಜಾವಾಸಿಯೋ ಅಥವಾ ಜಾವಾನೋ ಎಂದು. ಅರ್ಧಕ್ಕರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

## ಹೊಸಬರಿಗೆ

ಮೇಡಂ, ಜಾವಾಸಿ ಬೇರೆ ಜಾವಾ ಬೇರೆ ಯಾಕೆ? ಒಂದೇ ಕಮಾಂಡ್ ಇದ್ದಿದ್ರೆ ಆಗ್ತಿರ್ಲಿಲ್ವಾ?

ಎರಡೂ ಮಾಡುವ ಕೆಲಸ ಬೇರೆ. ಜಾವಾಸಿ ನೀವು ಬರೆದ ಪ್ರೋಗ್ರಾಮನ್ನು ಓದಿ, ತಪ್ಪಿದ್ದರೆ ಹೇಳಿ, ಸರಿಯಿದ್ದರೆ ಅದನ್ನು ಎಲ್ಲ ಕಡೆ ಓಡುವ ನಡುವಿನ ಕೋಡ್ ಆದ ಬೈಟ್‌ಕೋಡ್‌ಗೆ ಇಳಿಸಿ ಕ್ಲಾಸ್ ಫೈಲಿನಲ್ಲಿ ಬರೆದಿಟ್ಟು ಎದ್ದು ಹೋಗುತ್ತದೆ. ಆ ಫೈಲನ್ನು ತೆಗೆದು ಓಡಿಸುವುದು ಜಾವಾ ಕಮಾಂಡ್, ಅಂದರೆ ಜೆವಿಎಂ (ಜಾವಾ ವರ್ಚುವಲ್ ಮಷೀನ್). ಭದ್ರಾ ನಾಲೆಯ ಭತ್ತ ನಮ್ಮೂರ ರೈಸ್ ಮಿಲ್ಲಿನಲ್ಲಿ ಒಮ್ಮೆ ಅಕ್ಕಿಯಾದರೆ ಮುಗಿಯಿತು. ಆಮೇಲೆ ಯಾರ ಮನೆಯಲ್ಲಿ ಗ್ಯಾಸ್, ಯಾರ ಮನೆಯಲ್ಲಿ ಸೌದೆ ಒಲೆ ಅನ್ನುವುದು ಮಿಲ್ಲಿನವನಿಗೆ ಬೇಡ. ಜಾವಾಸಿಯದ್ದು ಮಿಲ್ಲಿನ ಕೆಲಸ, ಬೇಯಿಸಿಕೊಳ್ಳುವುದು ಆಯಾ ಕಂಪ್ಯೂಟರಿನ ಜೆವಿಎಂ.

ಹೀಗೆ ಎರಡು ಮಾಡಿದ್ದಕ್ಕೆ ಕಾರಣವಿದೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಜೊತೆಗಾರರು 1991ರಲ್ಲಿ ಈ ಕೆಲಸ ಹಿಡಿದಾಗ ಅವರ ಕಣ್ಣಿದ್ದದ್ದು ಮನೆಬಳಕೆಯ ಎಲೆಕ್ಟ್ರಾನಿಕ್ ಸಾಧನಗಳ ಮೇಲೆ. ಒಂದೊಂದರಲ್ಲಿ ಒಂದೊಂದು ಚಿಪ್. ಪ್ರತಿ ಚಿಪ್‌ಗೂ ಬೇರೆ ಬೇರೆಯಾಗಿ ಕಂಪೈಲ್ ಮಾಡುತ್ತಾ ಕೂರುವ ಬದಲು, ಎಲ್ಲ ಕಡೆ ಓಡುವ ನಡುವಿನ ಕೋಡ್ ಒಂದನ್ನು ಇಟ್ಟುಕೊಂಡರು. 1996ರ ಜನವರಿಯಲ್ಲಿ ಜೆಡಿಕೆ (ಜಾವಾ ಪ್ರೋಗ್ರಾಮ್ ಬರೆಯುವವರಿಗೆ ಬೇಕಾದ ಸಲಕರಣೆಗಳ ಕಟ್ಟು) 1.0 ಬಂದಾಗಿನಿಂದ ಇದೇ ಏರ್ಪಾಟು. ಉಪಾಯ ಅವರದೇ ಹೊಸದೇನಲ್ಲ. 1970ರ ದಶಕದಲ್ಲೇ ಪಾಸ್ಕಲ್ ಭಾಷೆಗೆ ಪಿ-ಕೋಡ್ ಅಂತ ಇತ್ತು.

ಹಂಗಾದ್ರೆ ಜಾವಾ ಕಂಪೈಲ್ಡ್ ಭಾಷೆನೋ ಇಂಟರ್‌ಪ್ರಿಟೆಡ್ ಭಾಷೆನೋ? ವೈವಾದಾಗ ಏನಂತ ಹೇಳ್ಬೇಕು?

ಎರಡೂ. ಜಾವಾಸಿ ಕಂಪೈಲ್ ಮಾಡುತ್ತದೆ, ಜೆವಿಎಂ ಬೈಟ್‌ಕೋಡನ್ನು ಇಂಟರ್‌ಪ್ರಿಟ್ ಮಾಡಲು ಶುರು ಮಾಡಿ, ಹೆಚ್ಚು ಓಡುವ ಭಾಗವನ್ನು ಓಡುತ್ತಿರುವಾಗಲೇ ಮಷೀನ್ ಕೋಡ್ ಮಾಡಿಕೊಳ್ಳುತ್ತದೆ. ಇಷ್ಟು ಹೇಳಿ ನಿಲ್ಲಿಸಿ. ಎಕ್ಸ್‌ಟರ್ನಲ್ (ಹೊರಗಿನಿಂದ ಬರುವ ಪರೀಕ್ಷಕರು) ಇನ್ನೂ ಕೇಳಬಹುದು, ಹಾಗಾಗಿ ಕೆಳಗಿನ ಕೊನೆಯ ಭಾಗ ಓದಿಕೊಂಡು ಹೋಗಿರಿ.

‘ಜಾವಾಸಿ ಈಸ್ ನಾಟ್ ರೆಕಗ್ನೈಸ್ಡ್’ ಅಂತ ಬರ್ತೈತೆ. ಆದ್ರೆ ಜಾವಾ ಅಂತ ಹೊಡೆದ್ರೆ ಓಡ್ತೈತೆ. ಇದೇನ್ ಮೇಡಂ?

ಒಂದೋ ನಿಮ್ಮ ಸಿಸ್ಟಮ್‌ನಲ್ಲಿ ಓಡಿಸುವ ಭಾಗ, ಅಂದರೆ ಜೆಆರ್‌ಇ ಮಾತ್ರ ಇದೆ. ಅದರಲ್ಲಿ ಜಾವಾಸಿ ಇರುವುದಿಲ್ಲ. ಜೆಡಿಕೆ ಹಾಕಿಸಿ. ಉಬುಂಟು ಆದರೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಡೀಫಾಲ್ಟ್-ಜೆಡಿಕೆ’ ಸಾಕು. ಇಲ್ಲವೇ ಜೆಡಿಕೆ ಇದೆ, ವಿಂಡೋಸ್‌ಗೆ ಅದರ ದಾರಿ ಗೊತ್ತಿಲ್ಲ. ಜೆಡಿಕೆ ಫೋಲ್ಡರಿನೊಳಗಿನ ‘ಬಿನ್’ ಫೋಲ್ಡರಿನ ವಿಳಾಸವನ್ನು, ಕಮಾಂಡುಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬ ಪಟ್ಟಿಯಾದ ಪಾತ್ ವೇರಿಯಬಲ್‌ಗೆ ಸೇರಿಸಿ. ಜಾವಾ ಹೋಮ್ ಒಂದನ್ನೇ ಸೆಟ್ ಮಾಡಿ ಕೂತರೆ ಕಮಾಂಡ್ ಪ್ರಾಂಪ್ಟ್‌ಗೆ ಏನೂ ಉಪಯೋಗವಿಲ್ಲ, ಅದು ನೋಡುವುದು ಪಾತ್ ಮಾತ್ರ.

ಪಾತ್ ಬದಲಿಸಿದ ಮೇಲೆ ತೆರೆದಿದ್ದ ಕಪ್ಪು ಕಿಟಕಿ ಮುಚ್ಚಿ ಹೊಸದನ್ನು ತೆಗೆಯಿರಿ. ಹಳೆಯ ಕಿಟಕಿಗೆ ಹೊಸ ಪಾತ್ ತಿಳಿಯುವುದಿಲ್ಲ. ಎಲ್ಲ ಸರಿ ಮಾಡಿಯೂ ಇನ್ನೂ ಬರ್ತಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಇದನ್ನೇ ಮಾಡಿರುವುದಿಲ್ಲ.

ಕಂಪೈಲ್ ಕೊಟ್ಟೆ, ಏನೂ ಬರ್ಲಿಲ್ಲ. ಆಯ್ತೋ ಇಲ್ವೋ?

ಆಯಿತು. ಜಾವಾಸಿಗೆ ಹೇಳಲು ದೂರಿಲ್ಲದಿದ್ದರೆ ಅದು ಬಾಯೇ ಬಿಡುವುದಿಲ್ಲ. ಅದೇ ಫೋಲ್ಡರಿನಲ್ಲಿ ಕ್ಲಾಸ್ ಫೈಲ್ ಹುಟ್ಟಿದೆಯೇ ನೋಡಿ.

ಸ್ಕ್ರೀನ್ ತುಂಬ ಎರರ್ ಬಂದವು. ಎಲ್ಲಿಂದ ಶುರು ಮಾಡ್ಲಿ?

ಮೇಲಿನಿಂದ, ಮೊದಲನೆಯದರಿಂದ. ಅದೊಂದನ್ನೇ ಸರಿಮಾಡಿ ಮತ್ತೆ ಕಂಪೈಲ್ ಕೊಡಿ. ಒಂದು ಆವರಣ ಚಿಹ್ನೆ ಬಿಟ್ಟುಹೋದರೆ ಅದರ ಕೆಳಗಿನ ಸರಿಯಾದ ಸಾಲುಗಳೂ ಜಾವಾಸಿ ಕಣ್ಣಿಗೆ ತಪ್ಪಾಗಿ ಕಾಣುತ್ತವೆ. ಎಷ್ಟೇ ತಪ್ಪಿದ್ದರೂ ಅದು ಸಾಮಾನ್ಯವಾಗಿ ನೂರಕ್ಕೆ ನಿಲ್ಲಿಸುತ್ತದೆ, ಹಾಗಾಗಿ ಎಣಿಸಿ ಹೆದರಬೇಡಿ. ‘ರೀಚ್ಡ್ ಎಂಡ್ ಆಫ್ ಫೈಲ್ ವೈಲ್ ಪಾರ್ಸಿಂಗ್’ ಎಂದು ಕೊನೆಯ ಸಾಲನ್ನು ತೋರಿಸಿದರೆ ತಪ್ಪು ಕೊನೆಯ ಸಾಲಿನಲ್ಲೇ ಇರಬೇಕೆಂದಿಲ್ಲ. ಮೇಲೆಲ್ಲೋ ತೆರೆದ ಆವರಣ ಮುಚ್ಚಿಲ್ಲ, ಅದು ತಿಳಿಯುವಷ್ಟರಲ್ಲಿ ಫೈಲೇ ಮುಗಿದುಹೋಗಿದೆ.

ಸ್ಕ್ರೀನ್‌ಶಾಟ್ ಕಳಿಸುವವರೂ ದಯವಿಟ್ಟು ಮೇಲಿನ ಭಾಗ ಕಳಿಸಿ. ಎಲ್ಲರೂ ಕಳಿಸುವುದು ಕೊನೆಯ ನಾಲ್ಕು ಸಾಲು, ಅದರಲ್ಲಿ ನೋಡಲು ಏನೂ ಇರುವುದಿಲ್ಲ.

ಕ್ಲಾಸ್ ಫೈಲ್ ಕಣ್ಣೆದುರಿಗೇ ಐತೆ. ಆದ್ರೂ ‘ಕುಡ್ ನಾಟ್ ಫೈಂಡ್ ಆರ್ ಲೋಡ್ ಮೇನ್ ಕ್ಲಾಸ್’ ಅಂತಾನೆ.

ಇಲ್ಲಿ ಮಾತಾಡುತ್ತಿರುವುದು ಜಾವಾ, ಜಾವಾಸಿ ಅಲ್ಲ. ಜಾವಾಸಿಗೆ ಕೊಡಬೇಕಾದದ್ದು ಫೈಲಿನ ಹೆಸರು, ಜಾವಾಗೆ ಕೊಡಬೇಕಾದದ್ದು ಕ್ಲಾಸಿನ ಹೆಸರು. ‘ಜಾವಾಸಿ ಲೆಕ್ಕ.ಜಾವಾ’ ಸರಿ, ಆಮೇಲೆ ‘ಜಾವಾ ಲೆಕ್ಕ’ ಅಷ್ಟೇ. ಅದರ ಮುಂದೆ ಚುಕ್ಕೆ ಕ್ಲಾಸ್ ಅಂತ ಸೇರಿಸಿದರೆ, ಲೆಕ್ಕ ಎಂಬ ಪ್ಯಾಕೇಜಿನೊಳಗೆ ಕ್ಲಾಸ್ ಎಂಬ ಹೆಸರಿನದ್ದೇನನ್ನೋ ಹುಡುಕಹೋಗುತ್ತದೆ. ದೊಡ್ಡಕ್ಷರ ಸಣ್ಣಕ್ಷರವೂ ಬರೆದ ಹಾಗೇ ಇರಬೇಕು. ವಿಂಡೋಸ್ ಫೈಲ್ ಹೆಸರಿನಲ್ಲಿ ಅದನ್ನು ಮನ್ನಿಸಬಹುದು, ಜೆವಿಎಂ ಮನ್ನಿಸುವುದಿಲ್ಲ.

ಜಾವಾ 11ರಿಂದ ‘ಜಾವಾ ಲೆಕ್ಕ.ಜಾವಾ’ ಎಂದು ನೇರವಾಗಿ ಹೊಡೆದರೂ ಓಡುತ್ತದೆ. ಅಲ್ಲಿಯೂ ಕಂಪೈಲ್ ಆಗುತ್ತದೆ, ಮೆಮೊರಿಯಲ್ಲಿ ಆಗಿ ಅಲ್ಲೇ ಮುಗಿಯುತ್ತದೆ, ಕ್ಲಾಸ್ ಫೈಲ್ ಉಳಿಯುವುದಿಲ್ಲ. ಚಿಕ್ಕ ಪ್ರೋಗ್ರಾಮಿಗೆ ಚೆಂದ. ಆದರೆ ಲ್ಯಾಬ್ ಪರೀಕ್ಷೆಯಲ್ಲಿ ಎರಡು ಹೆಜ್ಜೆಯನ್ನೂ ಮಾಡಿ ತೋರಿಸಿ.

ನಮ್ಮನೇಲಿ ಲ್ಯಾಪ್‌ಟಾಪ್ ಇಲ್ಲ. ಫೋನಿನಾಗೆ ಪ್ರಾಕ್ಟೀಸ್ ಮಾಡ್ಬೋದಾ?

ಮಾಡಬಹುದು. ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ (ಫೋನಿನಲ್ಲೇ ಟರ್ಮಿನಲ್ ಕೊಡುವ ಆ್ಯಪ್) ಹಾಕಿಕೊಂಡು ಅದರೊಳಗೆ ‘ಪಿಕೆಜಿ ಇನ್‌ಸ್ಟಾಲ್ ಓಪನ್‌ಜೆಡಿಕೆ-17’ ಎಂದರೆ ಜಾವಾಸಿಯೂ ಜಾವಾವೂ ಬರುತ್ತವೆ. ಟರ್ಮಕ್ಸನ್ನು ಉಚಿತ ಆ್ಯಪ್‌ಗಳ ತಾಣವಾದ ಎಫ್-ಡ್ರಾಯ್ಡ್‌ನಿಂದ ಇಳಿಸಿಕೊಳ್ಳಿ. ಡೌನ್‌ಲೋಡ್ ದೊಡ್ಡದಿದೆ, ವೈಫೈ ಇದ್ದ ಕಡೆ ಮಾಡಿ.

ಹೀಗೆ ಹುಟ್ಟಿದ ಕ್ಲಾಸ್ ಫೈಲ್ ಟರ್ಮಕ್ಸಿನೊಳಗಿನ ಜೆವಿಎಂನಲ್ಲಿ ಓಡುತ್ತದೆಯೇ ಹೊರತು ಫೋನಿನ ಆ್ಯಪ್ ಆಗುವುದಿಲ್ಲ. ಆಂಡ್ರಾಯ್ಡ್ ಆ್ಯಪ್‌ಗಳಿಗೆ ಕ್ಲಾಸ್ ಫೈಲನ್ನು ಡೆಕ್ಸ್ ಎಂಬ ಬೇರೆ ನಮೂನೆಗೆ ಬದಲಿಸುವ ಇನ್ನೊಂದು ಹಂತವಿದೆ.

## ದಿನನಿತ್ಯದ ತಕರಾರು

ಪ್ಯಾಕೇಜ್ ಅಂತ ಮೇಲೆ ಒಂದು ಸಾಲು ಹಾಕಿದ್ದೇ ತಡ, ಓಡೋದೇ ನಿಲ್ಲಿಸ್ತು.

ಪ್ಯಾಕೇಜ್ ಹೆಸರು ‘ಮಂಡಿ’ ಎಂದಿದ್ದರೆ, ಕ್ಲಾಸ್ ಫೈಲ್ ಮಂಡಿ ಎಂಬ ಫೋಲ್ಡರಿನೊಳಗೇ ಇರಬೇಕು, ನೀವು ಜಾವಾ ಓಡಿಸಬೇಕಾದದ್ದು ಆ ಫೋಲ್ಡರಿನ ಹೊರಗೆ ನಿಂತು, ಹೆಸರನ್ನು ಪೂರ್ತಿ ‘ಮಂಡಿ.ಲೆಕ್ಕ’ ಎಂದೇ ಕೊಡಬೇಕು. ಫೋಲ್ಡರಿನ ಒಳಗೆ ಹೋಗಿ ‘ಜಾವಾ ಲೆಕ್ಕ’ ಎಂದರೆ ‘ರಾಂಗ್ ನೇಮ್’ ಎಂದು ಹಿಂದಕ್ಕೆ ಕಳಿಸುತ್ತದೆ.

ಈ ತಲೆನೋವು ಬೇಡ ಅನ್ನುವವರಿಗೆ ‘-ಡಿ’ ಇದೆ. ‘ಜಾವಾಸಿ -ಡಿ ಔಟ್ ಲೆಕ್ಕ.ಜಾವಾ’ ಎಂದರೆ ಔಟ್ ಫೋಲ್ಡರಿನೊಳಗೆ ಮಂಡಿ ಫೋಲ್ಡರನ್ನು ಜಾವಾಸಿಯೇ ಮಾಡಿ ಫೈಲನ್ನು ಅಲ್ಲಿಡುತ್ತದೆ. ಆಮೇಲೆ ‘ಜಾವಾ -ಸಿಪಿ ಔಟ್ ಮಂಡಿ.ಲೆಕ್ಕ’. ಪ್ಯಾಕೇಜ್ ಇರಲಿ ಬಿಡಲಿ, ಮೊದಲ ದಿನದಿಂದಲೇ -ಡಿ ಬಳಸಿ ಎನ್ನುವುದು ನನ್ನ ಹಟ. ಸೋರ್ಸ್ ಒಂದು ಕಡೆ, ಕ್ಲಾಸ್ ಒಂದು ಕಡೆ ಇದ್ದರೆ ಮುಂದಿನ ಎಷ್ಟೋ ತಾಪತ್ರಯ ಹುಟ್ಟುವುದೇ ಇಲ್ಲ.

-ಸಿಪಿ (ಕ್ಲಾಸ್‌ಪಾತ್, ಅಂದರೆ ಕ್ಲಾಸ್ ಫೈಲುಗಳನ್ನು ಹುಡುಕುವ ಜಾಗಗಳ ಪಟ್ಟಿ) ಬಗ್ಗೆ ಎರಡು ಮಾತು. ಅದನ್ನು ಕೊಟ್ಟ ಕೂಡಲೇ ‘ಈಗಿರುವ ಫೋಲ್ಡರ್’ ಪಟ್ಟಿಯಿಂದ ಬಿದ್ದುಹೋಗುತ್ತದೆ. ಬೇಕಿದ್ದರೆ ಒಂದು ಚುಕ್ಕೆಯನ್ನೂ ಸೇರಿಸಬೇಕು. ಹಲವು ಜಾಗ ಕೊಡುವಾಗ ನಡುವೆ ವಿಂಡೋಸ್‌ನಲ್ಲಿ ಸೆಮಿಕೋಲನ್, ಉಬುಂಟುವಿನಲ್ಲಿ ಕೋಲನ್.

ಮನೇಲಿ ಓಡಿದ್ದು ಲ್ಯಾಬ್‌ನಲ್ಲಿ ಓಡ್ತಿಲ್ಲ. 65.0, 61.0 ಅಂತ ಏನೋ ನಂಬರ್ ತೋರಿಸ್ತೈತೆ.

ಪ್ರತಿ ಕ್ಲಾಸ್ ಫೈಲಿನ ಆರಂಭದಲ್ಲಿ ಅದು ಯಾವ ಜಾವಾಕ್ಕಾಗಿ ಹುಟ್ಟಿದ್ದು ಎಂಬ ಸಂಖ್ಯೆ ಇರುತ್ತದೆ. ಜಾವಾ 8ಕ್ಕೆ 52, 11ಕ್ಕೆ 55, 17ಕ್ಕೆ 61, 21ಕ್ಕೆ 65. ಸಂಖ್ಯೆಯಿಂದ 44 ಕಳೆದರೆ ಆವೃತ್ತಿ ಸಿಗುತ್ತದೆ. ಹೊಸ ಜೆವಿಎಂ ಹಳೆಯ ಕ್ಲಾಸ್ ಫೈಲನ್ನು ಓಡಿಸುತ್ತದೆ, ಹಳೆಯದು ಹೊಸದನ್ನು ಮುಟ್ಟುವುದಿಲ್ಲ. ನಿಮ್ಮ ಮನೆಯಲ್ಲಿರುವುದು 21, ಲ್ಯಾಬಿನದು 17.

ಮನೆಯಲ್ಲಿ ‘ಜಾವಾಸಿ --ರಿಲೀಸ್ 17’ ಎಂದು ಕೊಟ್ಟು ಕಂಪೈಲ್ ಮಾಡಿ. ಹಳೆಯ ಪುಸ್ತಕಗಳಲ್ಲಿ -ಸೋರ್ಸ್, -ಟಾರ್ಗೆಟ್ ಎಂದಿರುತ್ತದೆ. ಅವು ಸಂಖ್ಯೆಯನ್ನು ಇಳಿಸುತ್ತವೆ, ಲೈಬ್ರರಿಯನ್ನು ನೋಡುವುದಿಲ್ಲ. ಉದಾಹರಣೆಗೆ ಲಿಸ್ಟ್‌ನ ಗೆಟ್‌ಫಸ್ಟ್ ಮೆಥಡ್ ಬಂದದ್ದೇ 21ರಲ್ಲಿ. -ಸೋರ್ಸ್ 17 -ಟಾರ್ಗೆಟ್ 17 ಕೊಟ್ಟರೆ ಮನೆಯಲ್ಲಿ ಒಂದು ವಾರ್ನಿಂಗ್ ಕೊಟ್ಟು ಕಂಪೈಲ್ ಆಗಿ, ಲ್ಯಾಬಿನಲ್ಲಿ ಓಡುವಾಗ ‘ಅಂಥ ಮೆಥಡ್ ಇಲ್ಲ’ ಎಂದು ಬೀಳುತ್ತದೆ. --ರಿಲೀಸ್ 17 ಆದರೆ ಮನೆಯಲ್ಲೇ ತಡೆಯುತ್ತದೆ. ಇದು ಜಾವಾ 9ರಿಂದ ಇದೆ, ಅದನ್ನೇ ಬಳಸಿ.

ದರ ಬದಲಾಯಿಸಿ ಕಂಪೈಲ್ ಮಾಡಿದ್ರೂ ಬಿಲ್‌ನಲ್ಲಿ ಹಳೇ ದರನೇ ಬರ್ತೈತಲ್ಲ ಮೇಡಂ. ದೆವ್ವ ಹೊಕ್ಕೈತಾ?

ಇದನ್ನು ಕೇಳಿದವರು ಎಪಿಎಂಸಿಯ ದಲ್ಲಾಳಿ ಅಂಗಡಿಗೆಂದು ಮೆಕ್ಕೆಜೋಳದ ಬಿಲ್ ಪ್ರೋಗ್ರಾಮ್ ಬರೆದಿದ್ದರು. ಎರಡು ಫೈಲ್. ‘ದರ’ ಎಂಬ ಕ್ಲಾಸಿನಲ್ಲಿ ‘ಪಬ್ಲಿಕ್ ಸ್ಟ್ಯಾಟಿಕ್ ಫೈನಲ್ ಇಂಟ್ ಹಮಾಲಿ = 12’. ‘ಬಿಲ್’ ಎಂಬ ಕ್ಲಾಸಿನಲ್ಲಿ ಚೀಲದ ಸಂಖ್ಯೆಗೆ ದರ.ಹಮಾಲಿ ಗುಣಿಸುವ ಸಾಲು. 40 ಚೀಲಕ್ಕೆ 480 ಬಂತು, ಸರಿ. ಹಮಾಲಿಯನ್ನು 15 ಮಾಡಿ ದರ ಫೈಲನ್ನಷ್ಟೇ ಮತ್ತೆ ಕಂಪೈಲ್ ಮಾಡಿದರು. 600 ಬರಬೇಕಿತ್ತು, ಬಂದದ್ದು ಅದೇ 480.

ದೆವ್ವ ಜಾವಾಸಿಯದ್ದೇ. ಸ್ಟ್ಯಾಟಿಕ್ ಫೈನಲ್ ಆಗಿದ್ದು, ಇಂಟ್‌ನಂಥ ಮೂಲ ಬಗೆಯದೋ ಸ್ಟ್ರಿಂಗೋ ಆಗಿದ್ದು, ಕಂಪೈಲ್ ಹೊತ್ತಿಗೇ ಬೆಲೆ ತಿಳಿದಿದ್ದರೆ, ಜಾವಾಸಿ ಆ ಬೆಲೆಯನ್ನು ಬಳಸಿದ ಜಾಗದಲ್ಲೇ ಅಚ್ಚು ಹಾಕಿಬಿಡುತ್ತದೆ. ಬಿಲ್‌ನ ಕ್ಲಾಸ್ ಫೈಲಿನಲ್ಲಿ ‘ದರ ಕ್ಲಾಸಿಗೆ ಹೋಗಿ ಹಮಾಲಿ ಕೇಳು’ ಎಂಬ ಸೂಚನೆಯೇ ಇಲ್ಲ. 12 ಎಂಬ ಸಂಖ್ಯೆ ಮಾತ್ರ ಕೂತಿದೆ. ದರ ಎಷ್ಟು ಸಲ ಬದಲಾದರೂ ಅದಕ್ಕೆ ಗೊತ್ತಾಗುವುದಿಲ್ಲ. ನಂಬಿಕೆ ಬರದಿದ್ದರೆ, ಕ್ಲಾಸ್ ಫೈಲಿನ ಒಳಗಿನದನ್ನು ತೋರಿಸುವ ‘ಜಾವಾಪಿ -ಸಿ ಬಿಲ್’ ಹೊಡೆದು ನೋಡಿ, ‘ಬೈಪುಷ್ 12’ ಎಂದು ಕಾಣುತ್ತದೆ.

ಬಿಲ್ ಫೈಲನ್ನು ಕಂಪೈಲ್ ಮಾಡಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ಆಗ ಜಾವಾಸಿ ಬಿಲ್‌ಗೆ ಬೇಕಾದ ದರ ಫೈಲನ್ನೂ ನೋಡುತ್ತದೆ, ಅದರ ಸೋರ್ಸ್ ಕ್ಲಾಸ್ ಫೈಲಿಗಿಂತ ಹೊಸದಿದ್ದರೆ ಜೊತೆಗೇ ಕಂಪೈಲ್ ಮಾಡುತ್ತದೆ. ಉಲ್ಟಾ ದಿಕ್ಕಿನಲ್ಲಿ, ಅಂದರೆ ‘ದರವನ್ನು ಯಾರ್ಯಾರು ಬಳಸಿದ್ದಾರೆ’ ಎಂದು ಹುಡುಕಿಕೊಂಡು ಅದು ಹೋಗುವುದಿಲ್ಲ. ಹಾಗಾಗಿ ಔಟ್ ಫೋಲ್ಡರನ್ನು ಅಳಿಸಿ ಎಲ್ಲವನ್ನೂ ಒಟ್ಟಿಗೆ ಕಂಪೈಲ್ ಮಾಡಿ. ಪದೇ ಪದೇ ಬದಲಾಗುವ ದರವನ್ನು ಫೈನಲ್ ಮಾಡುವುದೇ ನನಗೆ ಸರಿ ಕಾಣುವುದಿಲ್ಲ. ಹಮಾಲಿ ಎಂಬ ಮೆಥಡ್ ಮಾಡಿ ಅದರಿಂದ ಕೊಡಿಸಿ.

ಬರೆದದ್ದು ಒಂದೇ ಫೈಲ್, ಮೂರು ಕ್ಲಾಸ್ ಫೈಲ್ ಬಂದಾವೆ. ಡಾಲರ್ ಗುರುತು ಬೇರೆ ಐತೆ.

ಒಂದು ಕ್ಲಾಸಿಗೆ ಒಂದು ಕ್ಲಾಸ್ ಫೈಲ್, ಅದೇ ಲೆಕ್ಕ. ಮಂಡಿ ಕ್ಲಾಸಿನೊಳಗೆ ಚೀಲ ಎಂಬ ಕ್ಲಾಸ್ ಬರೆದಿದ್ದರೆ ‘ಮಂಡಿ$ಚೀಲ’, ಹೆಸರಿಲ್ಲದ ಕ್ಲಾಸ್ ಆದರೆ ‘ಮಂಡಿ$1’. ಅವನ್ನು ಕಸ ಎಂದು ಅಳಿಸಬೇಡಿ, ಓಡುವಾಗ ಬೇಕಾಗುತ್ತವೆ. ಲ್ಯಾಂಬ್ಡಾ ಬರೆದರೆ ಬೇರೆ ಫೈಲ್ ಹುಟ್ಟುವುದಿಲ್ಲ. ಉಬುಂಟುವಿನಲ್ಲಿ ಇಂಥ ಹೆಸರನ್ನು ಜಾವಾಪಿಗೆ ಕೊಡುವಾಗ ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಿ. ಇಲ್ಲದಿದ್ದರೆ ಡಾಲರ್ ಕಂಡ ಶೆಲ್ ಅದನ್ನು ತನ್ನ ವೇರಿಯಬಲ್ ಎಂದುಕೊಳ್ಳುತ್ತದೆ.

## ಪ್ರೋಗ್ರಾಮಿನಲ್ಲಿ ಕನ್ನಡ

‘ದಾವಣಗೆರೆ’ ಅಂತ ಸ್ಟ್ರಿಂಗ್ ಹಾಕಿದ್ರೆ ಕಂಪೈಲ್ ಆಗ್ತೈತೆ, ‘ಚಿತ್ರದುರ್ಗ’ ಹಾಕಿದ್ರೆ ಎರರ್. ನಮ್ಮೂರು ಏನ್ ಪಾಪ ಮಾಡೈತಿ?

ಈ ಪುಟದಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದು. ಕೇಳಿದವರು ಹೇಳಿದ್ದು ನಿಜ, ಮತ್ತು ಪಾಪ ಮಾಡಿದ್ದು ದಾವಣಗೆರೆಯೇ.

ನೀವು ಫೈಲನ್ನು ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯಲ್ಲಿ, ಉಳಿಸಿದ್ದೀರಿ. ಅದರಲ್ಲಿ ಕನ್ನಡದ ಪ್ರತಿ ಅಕ್ಷರ, ಸ್ವರ ಚಿಹ್ನೆ, ವಿರಾಮ (ಒತ್ತಕ್ಷರದಲ್ಲಿ ಅಡಗಿರುವ ್ ಚಿಹ್ನೆ) ಮೂರು ಮೂರು ಬೈಟ್ ತಿನ್ನುತ್ತವೆ. ಜಾವಾ 17 ಮತ್ತು ಅದರ ಹಿಂದಿನವು ವಿಂಡೋಸ್‌ನಲ್ಲಿ ಫೈಲನ್ನು ಸಿಸ್ಟಮ್‌ನ ಎನ್‌ಕೋಡಿಂಗ್‌ನಲ್ಲಿ ಓದುತ್ತವೆ. ನಮ್ಮ ಕಡೆಯ ಹೆಚ್ಚಿನ ಸಿಸ್ಟಮ್‌ಗಳಲ್ಲಿ ಅದು ವಿಂಡೋಸ್-1252. ಅಲ್ಲಿ ಒಂದು ಬೈಟ್ ಅಂದರೆ ಒಂದು ಅಕ್ಷರ. 256ರಲ್ಲಿ ಐದು ಬೈಟ್‌ಗಳಿಗೆ ಮಾತ್ರ ಯಾವ ಅಕ್ಷರವೂ ಇಲ್ಲ. ಆ ಖಾಲಿ ಐದರಲ್ಲಿ ಒಂದು ಕನ್ನಡದ ವಿರಾಮದ (್) ಕೊನೆಯ ಬೈಟ್, ಇನ್ನೊಂದು ಉಕಾರದ (ು) ಕೊನೆಯ ಬೈಟ್. ಚಿತ್ರದುರ್ಗದಲ್ಲಿ ಎರಡು ಒತ್ತು, ಒಂದು ಉಕಾರ. ಮೂರು ಕಡೆ ಜಾವಾಸಿ ‘ಅನ್‌ಮ್ಯಾಪಬಲ್ ಕ್ಯಾರೆಕ್ಟರ್’ ಎಂದು ಮುಗ್ಗರಿಸುತ್ತದೆ. ದಾವಣಗೆರೆಯಲ್ಲಿ ಒತ್ತೂ ಇಲ್ಲ, ಉಕಾರವೂ ಇಲ್ಲ. ಹರಿಹರವೂ ಹಾಗೇ ಪಾರಾಗುತ್ತದೆ. ಚಳ್ಳಕೆರೆ, ಹಿರಿಯೂರು, ಚನ್ನಗಿರಿ ಸಿಕ್ಕಿಬೀಳುತ್ತವೆ.

ಪಾರಾಗುವುದೇ ಅಪಾಯ. ದಾವಣಗೆರೆ ಕಂಪೈಲ್ ಆಯಿತೆಂದರೆ ಸರಿಯಾಗಿ ಆಯಿತೆಂದಲ್ಲ. ಅದರ ಲೆಂಗ್ತ್ ಪ್ರಿಂಟ್ ಮಾಡಿ ನೋಡಿ. ದ, ಾ, ವ, ಣ, ಗ, ೆ, ರ, ೆ ಎಂದು 8 ಬರಬೇಕು. 24 ಬಂದರೆ ಜಾವಾಸಿ ಮೂರು ಮೂರು ಬೈಟನ್ನು ಬಿಡಿಬಿಡಿ ಅಕ್ಷರ ಎಂದು ಓದಿ ಕ್ಲಾಸ್ ಫೈಲಿನಲ್ಲಿ ಕಸ ತುಂಬಿದೆ. ಚಿತ್ರದುರ್ಗಕ್ಕೆ ಕೊನೇಪಕ್ಷ ಎರರ್ ಬಂತು, ಗೊತ್ತಾಯಿತು.

ಪರಿಹಾರ ಸುಲಭ: ‘ಜಾವಾಸಿ -ಎನ್‌ಕೋಡಿಂಗ್ ಯುಟಿಎಫ್-8 ಊರು.ಜಾವಾ’. ಜಾವಾ 18ರಿಂದ ಯುಟಿಎಫ್-8 ಹೇಳದೆಯೇ ಅನ್ವಯವಾಗುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ‘ಯುಟಿಎಫ್-8 ವಿತ್ ಬಾಮ್’ ಆರಿಸಬೇಡಿ. ಫೈಲಿನ ಮೊದಲಿಗೆ ಕಾಣದ ಗುರುತೊಂದು ಸೇರಿ, ಮೊದಲ ಸಾಲಲ್ಲೇ ‘ಇಲ್ಲೀಗಲ್ ಕ್ಯಾರೆಕ್ಟರ್’ ಬರುತ್ತದೆ.

ಎನ್‌ಕೋಡಿಂಗ್ ಎಲ್ಲಾ ಕೊಟ್ಟೆ. ಆದ್ರೂ ಕಪ್ಪು ಕಿಟಕಿಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ.

ಲೆಂಗ್ತ್ 8 ಬಂತೇ? ಹಾಗಾದರೆ ಜಾವಾಸಿ ತನ್ನ ಕೆಲಸ ಸರಿಯಾಗಿ ಮಾಡಿದೆ, ಕ್ಲಾಸ್ ಫೈಲ್ ಚೊಕ್ಕವಾಗಿದೆ. ಎಡವಟ್ಟು ಪ್ರಿಂಟ್ ಆಗುವಲ್ಲಿ. ಜಾವಾ 19 ಅಥವಾ ನಂತರದ್ದಾದರೆ ಕಿಟಕಿಯಲ್ಲಿ ಮೊದಲು ‘ಸಿಎಚ್‌ಸಿಪಿ 65001’ (ಕಿಟಕಿಯನ್ನು ಯುಟಿಎಫ್-8ಕ್ಕೆ ಬದಲಿಸುವ ಕಮಾಂಡ್) ಹೊಡೆದು, ಆಮೇಲೆ ಜಾವಾಗೆ ‘-ಡಿಎಸ್‌ಟಿಡಿಔಟ್.ಎನ್‌ಕೋಡಿಂಗ್=ಯುಟಿಎಫ್-8’ ಕೊಟ್ಟು ಓಡಿಸಿ (ಮೊದಲ ಡಿ ದೊಡ್ಡಕ್ಷರ). ಆಮೇಲೂ ಒತ್ತಕ್ಷರಗಳು ಒಡೆದು ಕಂಡರೆ ಅದು ಫಾಂಟಿನ ಕಥೆ; ಔಟ್‌ಪುಟ್ಟನ್ನು ಫೈಲಿಗೆ ಬರೆಸಿ ಎಡಿಟರಿನಲ್ಲಿ ನೋಡಿ.

ವೇರಿಯಬಲ್ ಹೆಸರನ್ನೇ ಕನ್ನಡದಲ್ಲಿ ಇಡಬಹುದೇ? ಅಂಕಿಗಳನ್ನು?

ಹೆಸರು ಇಡಬಹುದು. ‘ಇಂಟ್ ತೂಕ = 60’ ಎಂದು ಕನ್ನಡದ ತೂಕವನ್ನೇ ಬರೆದರೆ ಜಾವಾಸಿ ಒಪ್ಪುತ್ತದೆ. ಕ್ಲಾಸಿನ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲೇ ಇಡಿ, ಯಾಕೆಂದರೆ ಅದು ಫೈಲಿನ ಹೆಸರೂ ಆಗುತ್ತದೆ, ವಿಂಡೋಸ್‌ನಲ್ಲಿ ಜಾವಾಗೆ ಕನ್ನಡ ಹೆಸರನ್ನು ಕಮಾಂಡಿನಲ್ಲಿ ಕೊಡಹೋದರೆ ಕೈಕೊಡುತ್ತದೆ. (ಈ ಪುಟದಲ್ಲಿ ಬರೆದ ಲೆಕ್ಕ, ಬಿಲ್ ಇತ್ಯಾದಿಗಳನ್ನೂ ಹಾಗೇ ಇಂಗ್ಲಿಷ್‌ಗೆ ಬದಲಿಸಿಕೊಳ್ಳಿ.)

ಅಂಕಿ ಆಗುವುದಿಲ್ಲ. ೪೦ ಎಂದು ಬರೆದರೆ ‘ಇಲ್ಲೀಗಲ್ ನಾನ್-ಆಸ್ಕಿ ಡಿಜಿಟ್’ ಎಂದು ಜಾವಾಸಿ ತಳ್ಳಿಹಾಕುತ್ತದೆ. ತಮಾಷೆಯೆಂದರೆ ಓಡುವ ಹೊತ್ತಿನಲ್ಲಿ ಈ ಬಿಗುವಿಲ್ಲ: ಬಳಕೆದಾರ ೪೦ ಎಂದು ಟೈಪಿಸಿದ ಸ್ಟ್ರಿಂಗನ್ನು ಇಂಟಿಜರ್.ಪಾರ್ಸ್‌ಇಂಟ್‌ಗೆ ಕೊಟ್ಟರೆ 40 ಎಂದೇ ಓದುತ್ತದೆ.

## ಒಳಹೊಕ್ಕು ನೋಡುವವರಿಗೆ

ಕ್ಲಾಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ, ಬರೀ ಕಸ. ನಿಜವಾಗಿ ಅದರೊಳಗೆ ಏನಿರುತ್ತದೆ?

ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಮೊದಲ ನಾಲ್ಕು ಬೈಟ್ ಯಾವಾಗಲೂ ಒಂದೇ: ಸಿಎ, ಎಫ್‌ಇ, ಬಿಎ, ಬಿಇ. ಕೂಡಿಸಿ ಓದಿದರೆ ‘ಕೆಫೆ ಬೇಬ್’. ಬರೆದವರ ಕುಚೇಷ್ಟೆ. ಆಮೇಲೆ ಆವೃತ್ತಿ ಸಂಖ್ಯೆ, ನಂತರ ಸ್ಟ್ರಿಂಗುಗಳು, ಹೆಸರುಗಳು, ದೊಡ್ಡ ಸಂಖ್ಯೆಗಳ ಪಟ್ಟಿ, ಕೊನೆಗೆ ಮೆಥಡ್‌ಗಳು.

ಮೆಥಡ್ ಒಳಗಿನದನ್ನು ಓದಲು ಜೆಡಿಕೆಯಲ್ಲೇ ಇರುವ ಜಾವಾಪಿ ಸಾಕು. ಮೇನ್ ಮೆಥಡ್‌ನಲ್ಲಿ ಮೂರೇ ಸಾಲು ಬರೆಯಿರಿ: ಚೀಲ = 40, ತೂಕ = 60, ಒಟ್ಟು = ಚೀಲ * ತೂಕ. ಕಂಪೈಲ್ ಮಾಡಿ ‘ಜಾವಾಪಿ -ಸಿ’ ಕೊಟ್ಟರೆ ಹೀಗೆ ಬರುತ್ತದೆ:

0: ಬೈಪುಷ್ 40
2: ಐಸ್ಟೋರ್_1
3: ಬೈಪುಷ್ 60
5: ಐಸ್ಟೋರ್_2
6: ಐಲೋಡ್_1
7: ಐಲೋಡ್_2
8: ಐಮಲ್
9: ಐಸ್ಟೋರ್_3
10: ರಿಟರ್ನ್

ಜೆವಿಎಂ ಲೆಕ್ಕ ಮಾಡುವುದು ಸ್ಟ್ಯಾಕ್ (ಒಂದರ ಮೇಲೊಂದು ಇಟ್ಟು ಮೇಲಿನಿಂದಲೇ ತೆಗೆಯುವ ರಾಶಿ) ಮೇಲೆ. 40 ಅನ್ನು ಸ್ಟ್ಯಾಕ್ ಮೇಲಿಡು, ತೆಗೆದು 1ನೇ ಜಾಗಕ್ಕೆ ಹಾಕು. 60ಕ್ಕೂ ಹಾಗೇ, 2ನೇ ಜಾಗ. ಎರಡನ್ನೂ ಮತ್ತೆ ಸ್ಟ್ಯಾಕ್‌ಗೆ ತಾ. ಐಮಲ್ ಮೇಲಿನ ಎರಡನ್ನೂ ತೆಗೆದು ಗುಣಿಸಿ 2400 ಇಡುತ್ತದೆ. ಅದು 3ನೇ ಜಾಗಕ್ಕೆ. 0ನೇ ಜಾಗದಲ್ಲಿ ಮೇನ್‌ಗೆ ಬಂದ ಆರ್ಗ್ಸ್ ಮೊದಲೇ ಕೂತಿದೆ, ಅದಕ್ಕೇ ಎಣಿಕೆ 1ರಿಂದ ಶುರು. ಹೆಸರುಗಳು ಎಲ್ಲಿ ಹೋದವು ಎಂದು ಕೇಳಬೇಡಿ; ಚೀಲ, ತೂಕ ಎಂಬ ಹೆಸರು ಜೆವಿಎಂಗೆ ಬೇಕಿಲ್ಲ, -ಜಿ ಕೊಡದಿದ್ದರೆ ಜಾವಾಸಿ ಅವನ್ನು ಬರೆಯುವುದೇ ಇಲ್ಲ.

ಎಡಗಡೆ 0ರಿಂದ ಒಮ್ಮೆಲೇ 2ಕ್ಕೆ ಹಾರಿದ್ದು ನೋಡಿ. ಅವು ಸಾಲಿನ ಸಂಖ್ಯೆಗಳಲ್ಲ, ಬೈಟಿನ ಜಾಗಗಳು. ಬೈಪುಷ್‌ಗೆ ಒಂದು ಬೈಟ್, 40ಕ್ಕೆ ಇನ್ನೊಂದು. ಇಡೀ ಮೆಥಡ್ 11 ಬೈಟ್: 16, 40, 60, 16, 60, 61, 27, 28, 104, 62, 177. ಇದರಲ್ಲಿ 60 ಎರಡು ಸಲ ಬಂದಿದೆ. ಮೊದಲನೆಯದು ಐಸ್ಟೋರ್_1 ಎಂಬ ಸೂಚನೆ, ಎರಡನೆಯದು ನೀವು ಬರೆದ ತೂಕ. ಬೈಟಿಗೆ ತನ್ನದೇ ಅರ್ಥವಿಲ್ಲ, ಎಲ್ಲಿ ಕೂತಿದೆ ಎನ್ನುವುದರ ಮೇಲೆ ಅರ್ಥ.

ತೂಕವನ್ನು 200 ಮಾಡಿ ಮತ್ತೆ ನೋಡಿ, ಬೈಪುಷ್ ಹೋಗಿ ಸಿಪುಷ್ ಬರುತ್ತದೆ, ಯಾಕೆಂದರೆ ಒಂದು ಬೈಟಿನಲ್ಲಿ 127ರವರೆಗೆ ಮಾತ್ರ ಜಾಗ. 5 ಮಾಡಿದರೆ ಅದೂ ಬೇಡ. ಐಕಾನ್ಸ್ಟ್_5 ಎಂಬ ಒಂದೇ ಬೈಟ್ ಸಾಕು. ‘40 * 60’ ಎಂದು ನೇರವಾಗಿ ಬರೆದರೆ ಗುಣಾಕಾರವೇ ಮಾಯ, ಜಾವಾಸಿಯೇ 2400 ಮಾಡಿ ಇಟ್ಟಿರುತ್ತದೆ. ಒಂದು ಮಧ್ಯಾಹ್ನ ಹೀಗೆ ಬದಲಿಸಿ ಬದಲಿಸಿ ನೋಡಿದರೆ ಗೈಡು ಓದುವುದಕ್ಕಿಂತ ಹೆಚ್ಚು ತಲೆಗೆ ಹತ್ತುತ್ತದೆ.

ಇಂಟರ್‌ಪ್ರಿಟರ್ ಅಂದ್ರೆ ನಿಧಾನ ಅಲ್ವಾ? ಜಾವಾಸಿಗೆ ‘ಆಪ್ಟಿಮೈಸ್ ಮಾಡು’ ಅನ್ನೋಕೆ ಆಪ್ಷನ್ ಇಲ್ವಾ?

ಅಂಥ ಆಪ್ಷನ್ ಹುಡುಕಬೇಡಿ. ಕಾನ್‌ಸ್ಟಂಟ್‌ಗಳನ್ನು ಮೊದಲೇ ಲೆಕ್ಕ ಹಾಕುವಂಥ ಸಣ್ಣಪುಟ್ಟದ್ದು ಬಿಟ್ಟರೆ ಜಾವಾಸಿ ಜಾಣತನ ತೋರಿಸುವುದಿಲ್ಲ, ಬೇಕೆಂದೇ. ವೇಗದ ಹೊಣೆ ಜೆವಿಎಂದು. 1999ರಲ್ಲಿ ಬಂದ ಹಾಟ್‌ಸ್ಪಾಟ್ ಯಾವ ಮೆಥಡ್ ಹೆಚ್ಚು ಓಡುತ್ತಿದೆ ಎಂದು ಎಣಿಸುತ್ತಾ, ಅಷ್ಟನ್ನು ಮಾತ್ರ ಆಯಾ ಚಿಪ್ಪಿನ ಮಷೀನ್ ಕೋಡ್‌ಗೆ ಇಳಿಸುತ್ತದೆ.

ಬರೀ ಇಂಟರ್‌ಪ್ರಿಟರ್ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಕೋಟಿಗಟ್ಟಲೆ ಸಲ ಸುತ್ತುವ ಲೂಪ್ ಬರೆದು, ಒಮ್ಮೆ ಹಾಗೇ, ಒಮ್ಮೆ ‘ಜಾವಾ -ಎಕ್ಸ್‌ಇಂಟ್’ ಎಂದು ಓಡಿಸಿ (ಎಕ್ಸ್ ದೊಡ್ಡಕ್ಷರ). ಗಡಿಯಾರ ಬೇಕಾಗುವುದಿಲ್ಲ, ಕಣ್ಣಿಗೇ ಕಾಣುತ್ತದೆ.

‘ಕೋಡ್ ಟೂ ಲಾರ್ಜ್’ ಅಂತ ಬಂತು. ಫೈಲ್ ಅಷ್ಟೇನೂ ದೊಡ್ಡದಿಲ್ಲ.

ಒಂದು ಮೆಥಡ್‌ನ ಬೈಟ್‌ಕೋಡ್ 65,535 ಬೈಟ್ ಮೀರುವಂತಿಲ್ಲ. ಸಾವಿರಾರು ಸಂಖ್ಯೆಗಳ ಅರೇಯನ್ನು ಕೋಡಿನಲ್ಲೇ ತುಂಬಿದ್ದೀರಿ. ಪ್ರತಿ ಸಂಖ್ಯೆಗೂ ನಾಲ್ಕು ಸೂಚನೆ ಹುಟ್ಟುತ್ತದೆ. ಡೇಟಾ ಫೈಲಿಗೆ ಹಾಕಿ ಓದಿಸಿ. ಸ್ಟ್ರಿಂಗಿಗೂ ಇದೇ ಮಿತಿ, ಕನ್ನಡಕ್ಕೆ ಮೂರು ಬೈಟ್‌ನಂತೆ ಅದು 21,845 ಚಿಹ್ನೆಗೇ ಮುಗಿಯುತ್ತದೆ.

ಬರೀ ಕ್ಲಾಸ್ ಫೈಲ್ ಕೊಟ್ಟರೆ ನನ್ನ ಕೋಡ್ ಯಾರಿಗೂ ಕಾಣಲ್ಲ ತಾನೆ?

ಕಾಣುತ್ತದೆ. ಕ್ಲಾಸ್, ಮೆಥಡ್, ಫೀಲ್ಡ್ ಹೆಸರುಗಳೆಲ್ಲ ಕ್ಲಾಸ್ ಫೈಲಿನಲ್ಲಿ ಇದ್ದಂತೇ ಇರುತ್ತವೆ, ಡೀಕಂಪೈಲರ್ ಹಾಕಿದರೆ ಸೋರ್ಸ್ ಬಹುಪಾಲು ವಾಪಸ್ ಬರುತ್ತದೆ. ಕಾಮೆಂಟುಗಳು ಮಾತ್ರ ಬರುವುದಿಲ್ಲ. ಪಾಸ್‌ವರ್ಡನ್ನು ಸ್ಟ್ರಿಂಗಿನಲ್ಲಿ ಬರೆದಿಟ್ಟವರು ಈಗಲೇ ತೆಗೆಯಿರಿ, ಅದು ಜಾವಾಪಿಗೂ ಕಾಣುತ್ತದೆ.

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಾನೇ ಒಂದು ಬೈಟ್‌ಕೋಡ್ ಇಂಟರ್‌ಪ್ರಿಟರ್ ಬರೀಬೋದಾ?

ಧಾರಾಳವಾಗಿ. ಇನ್ನೊಂದು ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ನೋಡುವುದಕ್ಕಿಂತ ಇದು ಎಷ್ಟೋ ವಾಸಿ. ಕ್ಲಾಸ್ ಫೈಲ್ ಓದುವುದರಿಂದ ಶುರು ಮಾಡಬೇಡಿ, ಅದರಲ್ಲೇ ಒಂದು ತಿಂಗಳು ಹೋಗುತ್ತದೆ. ಮೇಲಿನ 11 ಬೈಟ್‌ಗಳನ್ನು ಅರೇಯಲ್ಲಿ ಕೈಯಾರೆ ತುಂಬಿ. ಬೇಕಾದದ್ದು ಲೆಕ್ಕಕ್ಕೆ ಒಂದು ಸ್ಟ್ಯಾಕ್, ವೇರಿಯಬಲ್‌ಗಳಿಗೆ ಒಂದು ಅರೇ, ಎಲ್ಲಿದ್ದೇವೆ ಎಂದು ತೋರಿಸುವ ಒಂದು ಸಂಖ್ಯೆ, ಒಂದು ಲೂಪ್, ಅದರೊಳಗೆ ಒಂದು ಸ್ವಿಚ್. ಅರ್ಥ ಮಾಡಿಸಬೇಕಾದ ಸೂಚನೆಗಳು ಎಂಟೇ. 3ನೇ ಜಾಗದಲ್ಲಿ 2400 ಕೂತರೆ ನಿಮ್ಮ ಇಂಟರ್‌ಪ್ರಿಟರ್ ಹುಟ್ಟಿತು.

ಆಮೇಲೆ ಇಫ್ ಮತ್ತು ಗೋಟು ಸೇರಿಸಿ, ಲೂಪ್‌ಗಳು ಓಡುತ್ತವೆ. ನಂತರ ಸ್ಟ್ಯಾಟಿಕ್ ಮೆಥಡ್ ಕರೆ. ಪ್ರಿಂಟ್‌ಎಲ್‌ಎನ್ ಅನ್ನು ನಿಜವಾದ ರೀತಿಯಲ್ಲಿ ಮಾಡಹೋದರೆ ಸಿಸ್ಟಮ್ ಕ್ಲಾಸನ್ನೇ ಲೋಡ್ ಮಾಡಬೇಕಾಗುತ್ತದೆ. ಆ ಕರೆ ಕಂಡಾಗ ನಿಮ್ಮದೇ ಪ್ರಿಂಟ್ ಮಾಡಿ ಮುಂದೆ ಹೋಗಿ, ಪ್ಯಾನೆಲ್‌ನವರಿಗೆ ಹಾಗೆ ಮಾಡಿದ್ದೇವೆ ಎಂದು ಹೇಳಿಬಿಡಿ.

ಇಂಟರ್‌ಪ್ರಿಟರನ್ನು ಜಾವಾದಲ್ಲೇ ಬರೆಯುವುದಾದರೆ ಒಂದು ಎಚ್ಚರಿಕೆ. ಜಾವಾದ ಬೈಟ್‌ನಲ್ಲಿ ಮೈನಸ್ ಸಂಖ್ಯೆಯೂ ಇರುತ್ತದೆ, ಅದರಲ್ಲಿ 177 ಇಟ್ಟರೆ -79 ಎಂದು ಓದುತ್ತದೆ. ಹಾಗೇ ಬಿಟ್ಟರೆ ಸ್ವಿಚ್‌ನಲ್ಲಿ ರಿಟರ್ನ್ ಯಾವತ್ತೂ ಹೊಂದುವುದಿಲ್ಲ, ಲೂಪ್ ಅರೇಯ ಅಂಚು ದಾಟಿ ಬೀಳುತ್ತದೆ. ಸೂಚನೆಯ ಬೈಟ್ ಓದಿದ ಕೂಡಲೇ 255ರೊಂದಿಗೆ ಆ್ಯಂಡ್ ಮಾಡಿ. ಬೈಪುಷ್ ಮುಂದಿನ ಬೈಟಿಗೆ ಮಾತ್ರ ಹಾಗೆ ಮಾಡಬೇಡಿ. ಅಲ್ಲಿ ಮೈನಸ್ ಸಂಖ್ಯೆ ನಿಜವಾಗಿಯೂ ಮೈನಸ್ಸೇ.